ಮಾವ ಓದದೆ ದಾಟಿಸಿದ ಹಾಳೆಗಳು

ನಮ್ಮ ಅತ್ತೆಗೆ ಹರಕೆ ಹೊರುವುದೆಂದರೆ ನೀರು ಕುಡಿದಷ್ಟು ಸುಲಭ. ತೀರಿಸುವ ಹೊತ್ತಿಗೆ ಬೆವರಿಳಿಯುವುದು ಮಾತ್ರ ನನಗೆ. ಕಳೆದ ವರ್ಷ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ನನ್ನ ಗಂಡನ ಬಲಗೈ ಪ್ರೆಸ್ ಮೆಷಿನ್ನಿಗೆ ಸಿಕ್ಕು ಬೆರಳುಗಳು ಹೋದಾಗಲೂ ಅಷ್ಟೇ. ಮಗ ಮನೆಗೆ ಬಂದರೆ ಶನಿದೇವರ ಕಥೆ ಓದಿಸುತ್ತೇನೆಂದು ಆಸ್ಪತ್ರೆಯ ಬಾಗಿಲಲ್ಲೇ ನಿಂತು ಕೈಮುಗಿದುಬಿಟ್ಟರು.

ಮನೆಗೇನೋ ಬಂದರು ಇವರು, ಬಂದವರು ಒಳಕೋಣೆ ಸೇರಿಕೊಂಡರು. ಬಾಗಿಲು ಹಾಕಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ಊಟ. ನಾನು ಒಂದು ತುತ್ತು ಕಲಸಿ ಕೊಡಲು ಹೋದರೆ ತಟ್ಟೆಯನ್ನೇ ತಳ್ಳುತ್ತಿದ್ದರು. ನೆಂಟರು ಬಂದರೆ ಕೈ ಟವೆಲ್ಲಿನ ಅಡಿಗೆ ಹೋಗುತ್ತಿತ್ತು. ನನ್ನ ಹೆದರಿಕೆ ಬೆರಳಿನದ್ದಲ್ಲ. ಹೀಗೇ ಮುಚ್ಚಿಕೊಂಡು ಮುಚ್ಚಿಕೊಂಡು ಈ ಮನುಷ್ಯ ಬದುಕಿದ್ದೂ ನಮಗೆ ಇಲ್ಲವಾಗಿಬಿಡುತ್ತಾರೆ ಅನ್ನುವುದು.

ಗಾಯ ಪೂರ್ತಿ ಮಾಗುವ ಮೊದಲೇ ಒಂದು ಶನಿವಾರ ಸಂಜೆ, ಹರಕೆಯ ಕಥೆ ಓದಲು ಕನಕಪುರದ ಕಡೆಯಿಂದ ಇವರ ಸೋದರಮಾವ ಬಂದರು. ಕುರಿ ಸಾಕುವವರು, ರಾಗವಾಗಿ ಕಥೆ ಓದುವುದರಲ್ಲಿ ಹೆಸರಾದವರು. ಶನಿದೇವರ ಕಥೆಗೊಂದು ಕಟ್ಟುಪಾಡಿದೆ: ಕೇಳಲು ಕೂತವರು ಮುಗಿಯುವವರೆಗೆ ಏಳುವಂತಿಲ್ಲ. ಇವರನ್ನು ದೀಪದ ಎದುರಿಗೇ ಕೂರಿಸಿದರು, ಪಕ್ಕದಲ್ಲಿ ನನ್ನನ್ನು. ನಡುಮನೆಯಿಂದ ಬಾಗಿಲವರೆಗೆ ಜನ, ಎಳ್ಳೆಣ್ಣೆಯ ಹೊಗೆ, ಸೆಕೆ. ಹಿಂದಕ್ಕೆ ಸರಿದರೆ ಗೋಡೆ, ಮುಂದಕ್ಕೆ ಸರಿದರೆ ದೇವರು.

ಕಥೆ ನನಗೆ ಗೊತ್ತಿದ್ದದ್ದೇ. ಎಷ್ಟೋ ಯುದ್ಧ ಗೆದ್ದ ರಾಜ ಶನಿಯನ್ನು ಹೀಯಾಳಿಸುತ್ತಾನೆ. ರಾಜ್ಯ ಹೋಗುತ್ತದೆ. ಬೇರೆ ಊರಿನಲ್ಲಿ, ಮಾಡದ ಕಳ್ಳತನಕ್ಕೆ ಅವನ ಕೈಕಾಲು ಕಡಿಸುತ್ತಾರೆ. ಬೆರಳು ಕಳೆದುಕೊಂಡವರ ಮುಂದೆ ಇದನ್ನು ಓದಿಸುವ ಬುದ್ಧಿ ಅತ್ತೆಗೆ ಯಾವ ದೇವರು ಕೊಟ್ಟನೋ! ರಾಜ ಊರು ಬಿಟ್ಟಾಗಿನಿಂದಲೇ ಆ ಜಾಗಕ್ಕೆ ಇನ್ನೆಷ್ಟು ಹಾಳೆ ಇದೆಯೆಂದು ಲೆಕ್ಕ ಹಾಕತೊಡಗಿದೆ. ಎದ್ದುಹೋದರೆ ಅಪಚಾರ, ಕೂತರೆ ಕೆಂಡ. ಇವರ ಮುಖ ನೋಡುವ ಧೈರ್ಯವೂ ಇರಲಿಲ್ಲ. ಆ ಹೊತ್ತಿನಲ್ಲಿ ದೇವರ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಮಾವನಿಗೂ ಸಂಕಟವಾಗಿರಬೇಕು. ರಾಜನ ಮೇಲೆ ಕಳ್ಳತನದ ಅಪವಾದ ಬಂದ ಕಡೆ ಒಮ್ಮೆ ಕೆಮ್ಮಿದರು, ಒಂದಿಷ್ಟು ಹಾಳೆ ಒಟ್ಟಿಗೆ ಮಗುಚಿದರು, ಶನಿ ಪ್ರಸನ್ನನಾದ ಜಾಗದಿಂದ ರಾಗ ಎತ್ತಿದರು. ಬದುಕಿದೆಯಾ ಬಡಜೀವವೇ ಎಂದು ನಾನು ಉಸಿರು ಬಿಟ್ಟೆ.

"ನಿಲ್ಸಿ ಮಾವ," ಅಂದರು ಇವರು. "ಕೈ ಕಡ್ದಿದ್ದು ಓದ್ಲೇ ಇಲ್ವಲ್ಲ."

"ಹಾಳೆ ಒಸಿ ಅಂಟ್ಕಂಡಿದ್ವು ಕಣ್ಲಾ," ಮಾವ ತಡವರಿಸಿದರು.

"ನನ್ಗೋಸ್ಕರ ಬುಟ್ರಿ, ಗೊತ್ತು. ಬುಡಬ್ಯಾಡಿ. ಅವ್ನ ಕೈ ಹೋಗಿದ್ದೇ ಕೇಳ್ದೆ ಇದ್ರೆ, ದೇವ್ರು ಮತ್ತೆ ಕೊಟ್ಟ ಅನ್ನೋದ್ನ ನಾನೆಂಗ್ ನಂಬ್ಲಿ?"

ಮಾವ ಹಾಳೆಗಳನ್ನು ಹಿಂದಕ್ಕೆ ಮಗುಚಿ ಓದಿದರು. ಒಂದಕ್ಷರವನ್ನೂ ಬಿಡಲಿಲ್ಲ. ಕಡಿದದ್ದು, ರಾಜ ರಕ್ತದಲ್ಲಿ ಬಿದ್ದು ಅದೇ ದೇವರನ್ನು ಕರೆದದ್ದು, ಗಾಣದವನೊಬ್ಬ ಎತ್ತಿಕೊಂಡು ಹೋಗಿ ಗಾಣದ ಮೇಲೆ ಕೂರಿಸಿದ್ದು, ಅಲ್ಲೇ ಕೂತು ಎತ್ತು ಹೊಡೆಯುತ್ತಾ ರಾಜ ವರ್ಷಗಟ್ಟಲೆ ಹಾಡಿದ್ದು. ಇವರ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಆಸ್ಪತ್ರೆಯಲ್ಲೂ ಅತ್ತವರಲ್ಲ. ಒರೆಸಿಕೊಳ್ಳಲು ಟವೆಲ್ಲು ಎತ್ತಿದಾಗ ಬ್ಯಾಂಡೇಜಿನ ಕೈ ಎಲ್ಲರಿಗೂ ಕಂಡಿತು. ಮತ್ತೆ ಮುಚ್ಚಲಿಲ್ಲ.

ರಾಜನಿಗೆ ಕೈ ಬಂತು, ಮಂಗಳಾರತಿಯಾಯಿತು. ಇವರಿಗೆ ಬೆರಳು ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು ಅನ್ನುವುದು ಅವರ ಮುಖ ನೋಡಿದಾಗಲೇ ನನಗೆ ತಿಳಿದದ್ದು. ಅವರು ಎಳ್ಳುಂಡೆಯ ತಟ್ಟೆ ಹಿಡಿದು ಮೊದಲು ಮಗನ ಮುಂದೆ ಬಂದು ನಿಂತರು. ಪ್ರಸಾದಕ್ಕೆ ಎಡಗೈ ಒಡ್ಡುವಂತಿಲ್ಲ. ಮನೆಯೆಲ್ಲ ನೋಡುತ್ತಿತ್ತು.

"ನೀನೇ ತಿನ್ಸು," ಅಂದು ಇವರು ನನ್ನ ಕಡೆ ತಿರುಗಿ ಬಾಯಿ ತೆರೆದರು.