ಕಿಲುಬು ಬೆಳೆಯುವ ಗಂಗುಲಮ್ಮ

ಶಿಡ್ಲಘಟ್ಟದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಿತ್ತಿಲಿನ ಗುಂಡಿಯ ಮುಂದೆ ಗಂಗುಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಗುಂಡಿಯ ಬಾಯಿಗೆ ಹಲಗೆ, ಹಲಗೆಯ ಸುತ್ತ ಕೆಮ್ಮಣ್ಣಿನ ಮೆತ್ತಿಗೆ. ಒಳಗೆ ಹನ್ನೆರಡು ತಾಮ್ರದ ತಗಡುಗಳಿವೆ. ಚಿಕ್ಕಬಳ್ಳಾಪುರದ ಹೊಸ ವಾಚನಾಲಯದ ಬಾಗಿಲಿಗೆ ಹೊಡೆಯುವ ತಗಡುಗಳು. ಇವತ್ತಿನ ರೈಲಿಗೆ ಹೋಗಲೇಬೇಕು. ಬಣ್ಣ ಕೂತಿದೆಯೋ ಇಲ್ಲವೋ ದೇವರಿಗೇ ಗೊತ್ತು.

“ಒಂಚೂರು ಇರಿ ಸ್ವಾಮಿ, ತೆಗೆದ ಮೇಲೆ ಬರ್ಕೊಳ್ಳೀರಂತೆ” ಎಂದು ಪತ್ರಿಕೆಯಿಂದ ಹೋದ ನಮಗೆ ಹೇಳುತ್ತಾರೆ.

ಊರ ಹೆಂಗಸರೆಲ್ಲ ಹುಣಸೆಹಣ್ಣು ಹಾಕಿ ತಾಮ್ರವನ್ನು ಫಳಫಳ ಹೊಳೆಸಿದರೆ, ಈ ಪುಣ್ಯಾತ್ಗಿತ್ತಿ ಹೊಳೆಯುವ ತಾಮ್ರಕ್ಕೆ ಬೇಕೆಂದೇ ಕಿಲುಬು ಹಿಡಿಸುತ್ತಾರೆ! ಅದೂ ಎಂಥ ಕಿಲುಬು! ಗಿಳಿಹಸಿರು, ಅಂಚಿಗೆ ನವಿಲುನೀಲಿ. ನೂರು ವರ್ಷ ಮಳೆಬಿಸಿಲು ಕಂಡ ಕಳಸದ ಬಣ್ಣ, ನಾಲ್ಕೇ ದಿನದಲ್ಲಿ. ಇದಕ್ಕೆ ಬೇಕಾದ ಸಾಮಾನು ಉಪ್ಪು ಮತ್ತು ರೇಷ್ಮೆ ಹುಳದ ಹಿಕ್ಕೆ, ಅಷ್ಟೇ. ಹುಳು ಕೊನೆಯ ಸಲ ಪೊರೆ ಬಿಟ್ಟು ಹಗಲೂ ರಾತ್ರಿ ಸೊಪ್ಪು ಮೇಯುವ ವಾರದ ಹಿಕ್ಕೆಯೇ ಆಗಬೇಕು. ಅದನ್ನು ನೆನೆಸಿ ಗುಂಡಿಗೆ ಸುರಿದು, ಮೇಲೆ ಬಿದಿರು ಹಾಸಿ, ಉಪ್ಪುನೀರು ಚಿಮುಕಿಸಿದ ತಗಡುಗಳನ್ನಿಟ್ಟು ಮುಚ್ಚುತ್ತಾರೆ. ಮೇಲೇಳುವ ಘಾಟೇ ಬಣ್ಣ ಹಿಡಿಸುತ್ತದೆ.

ಐವತ್ತೇಳನೇ ಇಸವಿಯಲ್ಲಿ ಬಡಗಿ ಕೆಲಸದ ಗಂಡ ಕೋನಪ್ಪನವರ ಕೈತಪ್ಪಿ ಒಂದು ತಗಡು ಹಿಕ್ಕೆಯ ರಾಶಿಗೆ ಬಿದ್ದು ಹಸಿರಾಗಿತ್ತು. “ಹಾಳಾಯ್ತು, ಬಿಸಾಕು ಅಂದ್ರು ನಮ್ಮನೆಯೋರು. ನಾನು ಗೋಡೆಗೆ ಒರಗಿಸಿ ನೋಡ್ತಾ ಕೂತೆ. ಒಲೆ ಮೇಲಿದ್ದ ಸಾರು ಸೀದೋಯ್ತು.” ನಾಲ್ಕು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ತಗಡುಗಳು ಈ ಗುಂಡಿ ಕಂಡಿವೆ. ಬಾಗಿಲು, ಕನ್ನಡಿಯ ಚೌಕಟ್ಟು ಕೋನಪ್ಪನವರದು, ಬಣ್ಣ ಇವರದು. ಕಣ್ಣುರಿ, ಕೆಮ್ಮು, ಬಿರುಕುಬಿಟ್ಟ ಬೆರಳು ಎಲ್ಲವನ್ನೂ ನಗುತ್ತಲೇ ತೋರಿಸುತ್ತಾರೆ. ಒಂದೇ ಒಂದು ಮಾತಿಗೆ ಮುಖ ಸಪ್ಪಗಾಗುತ್ತದೆ. ಕಿಲುಬು ವಿಷವೆಂದು ಅತ್ತೆ ಅಕ್ಕಯಮ್ಮ ಅಂದಿನಿಂದ ಸೊಸೆಯ ಕೈಯಿಂದ ನೀರು ಕುಡಿದಿಲ್ಲ.

ಹೋದ ವಾರ ಇವೇ ಹನ್ನೆರಡು ತಗಡು ಹಸಿರಾಗಿ ಜಗಲಿಯಲ್ಲಿ ಒಣಗುತ್ತಿದ್ದವು. ವಾಚನಾಲಯದವರು ನೋಡಲು ಬರುವವರಿದ್ದರು, ಗಂಗುಲಮ್ಮ ಹಿಪ್ಪುನೇರಳೆ ಸೊಪ್ಪಿಗೆ ಹೋಗಿದ್ದರು. ಅಕ್ಕಯಮ್ಮ ಹುಣಸೆಹಣ್ಣು, ಬೂದಿ ತಂದವರೇ ಹನ್ನೆರಡನ್ನೂ ತಿಕ್ಕಿ ತಿಕ್ಕಿ ಹೊಳೆಸಿಬಿಟ್ಟರು!

“ನಾಲ್ಕು ಜನ ಬರೋ ಮನೇಲಿ ಕಿಲುಬು ಹಿಡಿದ ತಾಮ್ರ ಇಡ್ತಾರಾ? ಸೊಸೆ ಸೋಂಬೇರಿ ಅನ್ನಲ್ವಾ ಜನ?” ಎಂಬುದು ಮುದುಕಿಯ ವಾದ. ಪಾಪ, ಸೊಸೆಯ ಮಾನ ಉಳಿಸಲು ಹೋಗಿದ್ದು!

ಗಂಗುಲಮ್ಮ ಬಚ್ಚಲಿನಲ್ಲಿ ಕೂತು ಅತ್ತರು. ಹುಳುಗಳು ಆಗಲೇ ಮೇಯುವುದು ಬಿಟ್ಟು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆ ಏರುತ್ತಿದ್ದವು, ಇನ್ನು ಹೊಸ ಹಿಕ್ಕೆ ಇಲ್ಲ. ಉಳಿದದ್ದು ಎರಡೇ ಮಂಕರಿ ಹಿಕ್ಕೆ. ಅದನ್ನೂ ಸುರಿದದ್ದಾಗಿದೆ. ಈ ಸಲವೂ ಕೆಟ್ಟರೆ ಬಾಗಿಲಿಗೆ ಪೇಂಟ್ ಬಳಿಸುತ್ತೇವೆ ಎಂದು ವಾಚನಾಲಯದವರು ಹೇಳಿಬಿಟ್ಟಿದ್ದಾರೆ.

ಮಣ್ಣು ಕೆರೆದು ಗಂಗುಲಮ್ಮ ಹಲಗೆ ಸರಿಸುತ್ತಾರೆ. ಘಾಟು ಮೂಗಿಗೆ ಬಡಿಯುತ್ತದೆ. ಮೊದಲ ತಗಡು ಮೇಲೆ ಬರುತ್ತದೆ. ಅಬ್ಬಬ್ಬಾ! ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಒಂದೇ ಸಮನಾದ ಹಸಿರು, ಒಂದು ಕಲೆಯಿಲ್ಲ. ಎರಡನೆಯದೂ ಹಾಗೆಯೇ, ಹನ್ನೆರಡನೆಯದೂ.

“ಹೋದ ಸಲ ಅಲ್ಲಲ್ಲಿ ಬೋಳು ಬೋಳಾಗಿತ್ತು. ತಗಡಿನ ಜಿಡ್ಡು ಹೋಗಿರ್ಲಿಲ್ಲ. ಅತ್ತೇ, ನೀವು ತಿಕ್ಕಿದ್ದಕ್ಕೇ ಹಿಂಗೆ ಕೂತೈತೆ! ಇನ್ಮೇಲೆ ಗುಂಡಿಗೆ ಇಡೋಕೆ ಮುಂಚೆ ತಿಕ್ಕೋ ಕೆಲಸ ನಿಮ್ದೇ.”

ಬಾಗಿಲಲ್ಲಿ ನಿಂತಿದ್ದ ಅಕ್ಕಯಮ್ಮ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ತುಂಬ ಹೊತ್ತು ನೋಡುತ್ತಾರೆ.

“ಇದನ್ನ ಮಾತ್ರ ತಿಕ್ಕಲ್ಲ ಬಿಡಮ್ಮ” ಎಂದವರು, ಜಗಲಿಯ ಮೇಲೆ ಕೂತು, “ಕೈ ತೊಳ್ಕೊಂಡು ಒಂದು ಲೋಟ ನೀರು ತಾ” ಎನ್ನುತ್ತಾರೆ.

ಗಂಗುಲಮ್ಮ ಸೀಗೆಪುಡಿ ಹಾಕಿ ಮೂರು ಸಲ ಕೈ ತೊಳೆದು ನೀರು ತರುತ್ತಾರೆ.

ಕೋನಪ್ಪ ತಗಡುಗಳನ್ನು ಗೋಣಿಯಲ್ಲಿ ಸುತ್ತಿ ಸ್ಟೇಷನ್ನಿಗೆ ಹೊರಟಿದ್ದಾರೆ. ಬಾಗಿಲನ್ನು ಒಮ್ಮೆ ಹೋಗಿ ನೋಡುವ ಆಸೆಯಿಲ್ಲವೇ ಎಂದರೆ ಗಂಗುಲಮ್ಮ ಕಣ್ಣೊರೆಸಿಕೊಳ್ಳುತ್ತಾರೆ.

“ಬಾಗಿಲು ಎಲ್ಲೋಗ್ತದೆ ಸ್ವಾಮಿ, ಯಾವತ್ತಾದ್ರೂ ನೋಡ್ತೀನಿ. ಅತ್ತೆ ಲೋಟ ಖಾಲಿ ಮಾಡಿದ್ರು, ನೋಡಿದ್ರಾ?”