ಹಿತ್ತಾಳೆ ಬಾಗಿಸುವ ಕೊರಡು

ಗಜೇಂದ್ರಗಡದ ಕಂಬಾರ ಗ್ಯಾನಪ್ಪ ಸೊಕ್ಕಿನ ಮನುಷ್ಯನಾಗಿದ್ದ. ಅವನ ಕೈಗೆಲಸವನ್ನು ಮೆಚ್ಚಿದವರು ಆ ಗುಣವನ್ನು ಹಟವೆಂದರು, ಸ್ವಾಭಿಮಾನವೆಂದರು. ಅದು ಬರೀ ಸೊಕ್ಕು. ‘ನಾನು ತಪ್ಪಿದೆ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಹೆಂಡತಿ ಗಾಳೆವ್ವ ಕೂಡ ಕೇಳಿರಲಿಲ್ಲ.

ನರೇಗಲ್ಲಿನ ಒಕ್ಕಲಿಗ ತೋಟಪ್ಪನ ಬಂಡಿಯ ಕಥೆ ಆ ಸೀಮೆಯಲ್ಲೆಲ್ಲ ಗೊತ್ತಿತ್ತು. ಗ್ಯಾನಪ್ಪ ಏರಿಸಿಕೊಟ್ಟ ಗಾಲಿಯ ಸುತ್ತಿನ ಕಬ್ಬಿಣದ ಹಳಿ ದಾರಿಯಲ್ಲಿ ಕಳಚಿತು. ತೋಟಪ್ಪ ಗಾಲಿಯನ್ನು ಉರುಳಿಸಿಕೊಂಡು ಬಂದು ಕೇಳಿದರೆ, “ಎಡಗಡೆ ಎತ್ತ ವಾರಿ ನಡೀತೈತಿ. ಎತ್ತ ಬದಲಿ ಮಾಡು” ಎಂದ. ತೋಟಪ್ಪ ಪಾಪದವನು, ಎತ್ತನ್ನೇ ಬದಲಿಸಿದ. ಹಳಿ ಮತ್ತೆ ಕಳಚಿತು. “ಈ ಎತ್ತೂ ಹಂಗ ಐತಿ” ಎಂದ ಗ್ಯಾನಪ್ಪ. ಹಾಗೆಂದವನೇ ಹಳಿಯನ್ನು ಕಿತ್ತು, ಕತ್ತರಿಸಿ, ಬೆಸೆದು, ಕಾಸಿ, ಮತ್ತೆ ಏರಿಸಿಕೊಟ್ಟ. ಆ ಹಳಿ ಆಮೇಲೆ ಎಂದೂ ಕಳಚಲಿಲ್ಲ. ತಪ್ಪನ್ನು ತಿದ್ದಬಲ್ಲ, ಆದರೆ ಒಪ್ಪಲಾರ; ಅವನ ಸ್ವಭಾವವೇ ಅದು.

ನರಗುಂದದ ದಂಗೆ ಅಡಗಿದ ವರ್ಷ, ಅಂದರೆ ಸಾವಿರದ ಎಂಟುನೂರ ಐವತ್ತೆಂಟರ ಮಳೆಗಾಲದಲ್ಲಿ, ಲಾಡಸಾಬ ಮತ್ತು ಬಾನುಬಿ ಎಂಬ ಮುದಿ ದಂಪತಿ ನರಗುಂದವನ್ನು ಬಿಟ್ಟು ಗಜೇಂದ್ರಗಡಕ್ಕೆ ಬಂದರು. ಬಾನುಬಿಯ ತಂಗಿಯ ಮನೆ ಅಲ್ಲಿತ್ತು. ಲಾಡಸಾಬ ಸಿತಾರ ನುಡಿಸುವವನು. ತಂದಿದ್ದ ಸಾಮಾನುಗಳಲ್ಲಿ ಕೌದಿಯಲ್ಲಿ ಸುತ್ತಿದ ಸಿತಾರವೂ ಇತ್ತು. ಆದರೆ ಅದರ ಕೊರಳು ಬೋಳಾಗಿತ್ತು. ಸಿತಾರದ ಕೊರಳಿಗೆ ಅಡ್ಡಡ್ಡವಾಗಿ, ಬಿಲ್ಲಿನಂತೆ ಬಾಗಿದ ಹಿತ್ತಾಳೆಯ ಕಡ್ಡಿಗಳನ್ನು ದಾರದಿಂದ ಕಟ್ಟಿರುತ್ತಾರೆ. ಅವಕ್ಕೆ ಪಡದಾ ಎನ್ನುತ್ತಾರೆ. ತಂತಿಯನ್ನು ಅವುಗಳ ಮೇಲೆ ಒತ್ತಿದರೆ ಸ್ವರ. ಅವಿಲ್ಲದಿದ್ದರೆ ಸಿತಾರ ಒಂದು ಸೋರೆಬುರುಡೆ.

ಪಡದಾಗಳನ್ನು ಕಳೆದವಳು ಬಾನುಬಿ. ಹಿಂದಿನ ಚಳಿಗಾಲದಲ್ಲಿ ಎಲ್ಲರೂ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂದು ಡಂಗುರ ಸಾರಿದ್ದರು. ಡಂಗುರದವನು ಹೇಳಿದ್ದು ಕತ್ತಿ, ಬಂದೂಕು. ಓಣಿಯ ಹೆಂಗಸರ ಬಾಯಲ್ಲಿ ಅದು ಕುಡಗೋಲಿಗೆ ಬಂತು, ಈಳಿಗೆಗೆ ಬಂತು. ಲಾಡಸಾಬ ಹೊಳೆಮಣ್ಣೂರಿನ ಮದುವೆಯೊಂದಕ್ಕೆ ಹೋಗಿದ್ದ. ಸಿತಾರ ಮನೆಯಲ್ಲೇ ಇತ್ತು. ಉದ್ದ ಕೊರಳು, ಅದರ ಮೇಲೆ ಸಾಲಾಗಿ ಲೋಹದ ಕಡ್ಡಿ. ಸಿಪಾಯಿಗಳು ಬಂದೂಕೆಂದು ತಿಳಿದು ಗಂಡನನ್ನು ಎಳೆದೊಯ್ದರೆ? ಬಾನುಬಿ ದಾರ ಕೊಯ್ದು, ಪಡದಾಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಹೋಗಿ ಬಾವಿಗೆ ಸುರಿದಳು. ಯಾವ ಸಿಪಾಯಿಯೂ ಬರಲಿಲ್ಲ.

ಲಾಡಸಾಬ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಸಂಜೆ ಕಟ್ಟೆಯ ಮೇಲೆ ಕುಳಿತು ಎಡಗೈ ಬೆರಳುಗಳನ್ನು ಮೊಣಕಾಲಿನ ಮೇಲೆ ಆಡಿಸುತ್ತಿದ್ದ. ಆ ವಯಸ್ಸಿನ ಬೆರಳು, ಕೆಲಸ ತಪ್ಪಿದರೆ ಮರಗಟ್ಟುತ್ತದೆ. ದಿನ ಕಳೆದಂತೆ ಆ ಆಟ ನಿಧಾನವಾಗುತ್ತಿದ್ದುದನ್ನು ಬಾನುಬಿ ಒಲೆಯ ಮುಂದಿನಿಂದ ನೋಡುತ್ತಿದ್ದಳು. ಸಿತಾರ ಮಾಡುವವರಿದ್ದದ್ದು ದೂರದ ಮಿರಜಿನಲ್ಲಿ. ದಾರಿಯುದ್ದಕ್ಕೂ ಕಾವಲು. ಗಂಡನಿಗೆ ಹೇಳದೆ ಅವಳು ಗ್ಯಾನಪ್ಪನ ಕುಲುಮೆಗೆ ಹೋದಳು.

“ಅಣ್ಣಾರ, ಗಾಲಿಗೆ ಅಷ್ಟ ದಪ್ಪ ಕಬ್ಬಿಣ ಬಗ್ಗಸ್ತೀರಿ. ಗೇಣಿಗಿಂತ ಸಣ್ಣ ಹಿತ್ತಾಳಿ ಕಡ್ಡಿ ಬಗ್ಗಸಾಕ ಬರೂದಿಲ್ಲೇನ್ರಿ?”

“ಬರೂದಿಲ್ಲ ಅನ್ನೂ ಮಾತು ಈ ಕುಲುಮ್ಯಾಗ ಇಲ್ಲ ಯಕ್ಕಾ. ಮೊದಲಿನವು ಏನಾದವು?”

“ಬಾವ್ಯಾಗ ಒಗದೆ.”

ಗ್ಯಾನಪ್ಪ ಇಕ್ಕಳ ಕೆಳಗಿಟ್ಟ. “ಬಾವ್ಯಾಗ? ಯಾಕ, ಕಪ್ಪಿಗೆ ಹಾಡ ಕಲಸಬೇಕಾಗಿತ್ತೇನು?”

ಕುಲುಮೆಯಲ್ಲಿದ್ದವರೆಲ್ಲ ನಕ್ಕರು. ಬಾನುಬಿಯೂ ನಕ್ಕಳು; ಆದರೆ ನಗು ಮುಗಿಯುವ ಮೊದಲೇ ಸೆರಗು ಕಣ್ಣಿಗೆ ಹೋಯಿತು.

ಪಕ್ಕದ ಚಪ್ಪರದಿಂದ ಗಾಳೆವ್ವ ಕೂಗಿದಳು: “ಹಲ್ಲ ತೋರ್ಸೂದ ಸಾಕ್ರಿ! ಗಂಡನ ಜೀವಕ್ಕ ಹೆದರಿ ಮಾಡ್ಯಾಳ. ನಿಮ್ಮ ಸಲುವಾಗಿ ನಾ ಒಂದ ಮೊಳೀನೂ ಬಾವಿಗೆ ಒಗಿಯಾಕಿ ಅಲ್ಲ.”

ಗ್ಯಾನಪ್ಪ ಮಾರನೆಯ ದಿನ ಹೋಗಿ ಸಿತಾರದ ಕೊರಳನ್ನು ನೋಡಿಬಂದ. ರೋಣದ ಕಂಚುಗಾರರಿಂದ ಹಿತ್ತಾಳೆಯ ಸಲಾಕೆ ತರಿಸಿ, ಅಳತೆಗೆ ತುಂಡು ಮಾಡಿ, ತನಗೆ ಗೊತ್ತಿದ್ದ ರೀತಿಯಲ್ಲೇ ಬಾಗಿಸಿದ. ಕಂಬಾರನಿಗೆ ಗೊತ್ತಿರುವುದು ಬೆಂಕಿ. ಕಡ್ಡಿಗಳನ್ನು ಕೆಂಪಗೆ ಕಾಸಿ, ಬಾಗಿದ ಅಚ್ಚಿನ ಮೇಲೆ ಒತ್ತಿ, ನೀರಿಗೆ ಅದ್ದಿದ. ಕುಡಗೋಲಿನ ಉಕ್ಕು ಹಾಗೆ ಅದ್ದಿದರೆ ಗಟ್ಟಿಯಾಗುತ್ತದೆ. ಹಿತ್ತಾಳೆಯೂ ಹಾಗೆಯೇ ಎಂದು ಅವನು ತಿಳಿದ. ಕಡ್ಡಿಗಳು ಒಂದರಂತೆ ಒಂದು ಚೆಂದವಾಗಿ ಬಂದವು.

ಲಾಡಸಾಬ ಅವನ್ನು ತಾನೇ ಕಟ್ಟಿಕೊಂಡ. ಮೊದಲ ದಿನ ಬೆರಳು ತಡವರಿಸಿತು, ಆಮೇಲೆ ದಾರಿ ಹಿಡಿಯಿತು. ಬಾನುಬಿ ಪ್ರತಿ ಮುಂಜಾನೆ ಹುಣಸೆಹಣ್ಣು ಮತ್ತು ಬೂದಿಯಿಂದ ಪಡದಾಗಳನ್ನು ತಿಕ್ಕಿ, ಒದ್ದೆ ಅರಿವೆಯಿಂದ ಒರಸಿ, ಬಂಗಾರದಂತೆ ಹೊಳೆಯಿಸಿದಳು. ನೀರು ತರಲು ಹೋದಾಗ ಗಾಳೆವ್ವನಿಗೆ, “ನಿನ್ನೆ ನಮ್ಮವರು ನನ್ನ ಹೆಸರ ಹಿಡದ ಕರದ್ರು ಬೇ. ನರಗುಂದ ಬಿಟ್ಟಮ್ಯಾಗ ಕರದಿದ್ದಿಲ್ಲ” ಎಂದು ಹೇಳಿಕೊಂಡಳು.

ಜೋಳಕ್ಕೆ ತೆನೆ ಬರುವ ಹೊತ್ತಿಗೆ ಸಿತಾರ ಕರಕರ ಎನ್ನತೊಡಗಿತು. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಜಗ್ಗಿದಾಗಲೆಲ್ಲ ಅದು ಪಡದಾದ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಬೆಳಕಿಗೆ ಹಿಡಿದರೆ, ಪ್ರತಿ ಪಡದಾದ ಮೇಲೂ ತಂತಿ ಕೊರೆದ ಗೀರು. ಬಾನುಬಿ ತನ್ನ ಕೈ ನೋಡಿಕೊಂಡಳು.

“ನಾನ ತಿಕ್ಕಿ ತಿಕ್ಕಿ ಸವಸಿದೆ. ಹುಣಸಿಹಣ್ಣ ತಿಂದಬಿಡ್ತು.”

“ಹೋಗ್ಲಿ ಬಿಡು” ಎಂದ ಲಾಡಸಾಬ. ಸಿತಾರ ಮತ್ತೆ ಕೌದಿಯೊಳಗೆ ಹೋಯಿತು.

ಕೆಟ್ಟ ಪಡದಾಗಳನ್ನು ಬಿಚ್ಚಿ ಕುಲುಮೆಗೆ ತಂದವನು ಲಾಡಸಾಬನೇ. ಗ್ಯಾನಪ್ಪ ಒಂದನ್ನು ಎತ್ತಿ ನೋಡಿ, “ನಿಮ್ಮ ತಂತಿ ಭಾಳ ಹರಿತ ಅದಾವ ಸಾಬರ” ಎಂದ.

“ಇರಬಹುದಪಾ. ನಮ್ಮಾಕಿ ಹುಣಸಿಹಣ್ಣ ಅಂತಾಳ.”

ಲಾಡಸಾಬ ಹೋದ ಮೇಲೆ ಗ್ಯಾನಪ್ಪ ಪಡದಾವನ್ನು ಎರಡು ಬೆರಳಿನಲ್ಲಿ ಹಿಡಿದು ಒತ್ತಿದ. ಅದು ಹಸಿ ಬೇವಿನ ಕಡ್ಡಿಯಂತೆ ಮಣಿಯಿತು. ಮೂಲೆಯಲ್ಲಿ ಉಳಿದಿದ್ದ, ಬೆಂಕಿ ಕಾಣದ ಸಲಾಕೆಯ ತುಂಡನ್ನು ಒತ್ತಿದ. ಅದು ಮಣಿಯಲಿಲ್ಲ. ಉಕ್ಕನ್ನು ಗಟ್ಟಿ ಮಾಡುವ ಕೆಲಸವೇ ಹಿತ್ತಾಳೆಯನ್ನು ಮೆತ್ತಗೆ ಮಾಡಿತ್ತು.

ಇನ್ನು ಕಾಸದೆ, ತಣ್ಣಗಿರುವಾಗಲೇ ಬಾಗಿಸಬೇಕು. ಅಡಿಗಲ್ಲಿನ ಮೇಲಿಟ್ಟು ಬಡಿದ. ಬಡಿದಲ್ಲೆಲ್ಲ ಕಬ್ಬಿನಂತೆ ಗೆಣ್ಣು ಬಂತು. ಮೊಣಕಾಲಿಗೆ ಕೊಟ್ಟು ಬಗ್ಗಿಸಿದ. ನಡುವೆ ಮೂಲೆ ಬಿತ್ತು, ಮೊಣಕಾಲು ಊದಿತು. ಒಂದರ ಹಿಂದೊಂದು ಕಡ್ಡಿ ಕೆಡಿಸಿ ಮೂಲೆಗೆ ಒಗೆದ.

ಗಾಳೆವ್ವ ಚಪ್ಪರದಲ್ಲಿ ಅರಳೆ ಬಿಡಿಸುತ್ತಿದ್ದಳು. ಆ ಸೀಮೆಯ ಹೆಂಗಸರು ಹತ್ತಿಯಿಂದ ಬೀಜ ತೆಗೆಯುತ್ತಿದ್ದದ್ದು ಕಾಲಿನಿಂದ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಅದರ ಮೇಲೊಂದು ಕಬ್ಬಿಣದ ಸಲಾಕೆ ಇಟ್ಟು, ತಾವು ಮಣೆಯ ಮೇಲೆ ಕುಳಿತು, ಕಟ್ಟಿಗೆಯ ಮೆಟ್ಟು ಕಟ್ಟಿದ ಪಾದಗಳಿಂದ ಅದನ್ನು ಹೊರಳಿಸುತ್ತಿದ್ದರು. ಬೀಜ ಮುಂದೆ ಸಿಡಿಯುತ್ತಿತ್ತು, ಅರಳೆ ಹಿಂದೆ ಉಳಿಯುತ್ತಿತ್ತು.

“ಏನ್ರಿ, ನಾ ಬೀಜ ಬಡದ ತಗೀತೇನೇನ್ರಿ?” ಎಂದಳು ಅವಳು. “ಬಡದ್ರ ಜಜ್ಜಿ ಹೋಗ್ತಾವ. ಮ್ಯಾಲ ಭಾರ ಕೊಟ್ಟ ಸಾವಕಾಶ ಹೊರಳಸ್ಬೇಕು. ಅರಿವಿಲ್ಲದ ಹತ್ತಿಗೇ ಅಷ್ಟ ಮರ್ಯಾದಿ ಬೇಕ್ರಿ.”

ಗ್ಯಾನಪ್ಪ ಅವಳ ಪಾದಗಳನ್ನು ನೋಡಿದ. ಆಮೇಲೆ ಸಲಾಕೆಯನ್ನು ನೋಡಿದ. ಮರುದಿನ ಗಾಳೆವ್ವ ನೀರು ತರುವಷ್ಟರಲ್ಲಿ ಅವಳ ಸಲಾಕೆ ಮೂರು ತುಂಡಾಗಿತ್ತು.

“ಅಯ್ಯ ಶಿವನ! ಕೇಳಿದ್ರ ನಾ ಕೊಡ್ತಿದ್ದಿಲ್ಲೇನ್ರಿ?”

“ಕೊಡ್ತಿದ್ದಿಲ್ಲ.”

“ಹೂಂ, ಕೊಡ್ತಿದ್ದಿಲ್ಲ. ಈಗ ನಾ ಏನ ಹೊರಳಸ್ಲಿ, ನಿಮ್ಮ ತಲೀನ?”

“ಹೊಸಾದು ಮಾಡ್ತೇನಿ.”

ಹೊಸದನ್ನು ಮಾಡಲು ಅವನಿಗೆ ಸುಗ್ಗಿಯವರೆಗೂ ಬಿಡುವಾಗಲಿಲ್ಲ. ಗಾಳೆವ್ವ ತಂಗಿಯ ಸಲಾಕೆ ತಂದು ಕೆಲಸ ನಡೆಸಿದಳು, ದಿನಕ್ಕೊಮ್ಮೆ ನೆನಪಿಸಿದಳು.

ಅವನು ಹುಣಸೆ ಮರದ ಕೊರಡೊಂದನ್ನು ಕೊರೆದು, ಎರಡು ತುಂಡು ಸಲಾಕೆಗಳನ್ನು ಅಕ್ಕಪಕ್ಕ ತಿರುಗುವಂತೆ ಕೂರಿಸಿದ. ಮೂರನೆಯದನ್ನು ಅವೆರಡರ ನಡುವೆ, ಮೇಲುಗಡೆ. ಮೇಲಿನದಕ್ಕೆ ಬಂಡಿಯ ಗಾಲಿ ಜಾರದಂತೆ ತಡೆಯುವ ಹಳೆಯ ಕಡಾಣಿ ಬಗ್ಗಿಸಿ ಹಿಡಿಕೆ ಮಾಡಿದ. ಹಿಡಿಕೆ ತಿರುಗಿಸಿದರೆ ಹಿತ್ತಾಳೆಯ ಕಡ್ಡಿ ಮೂರರ ನಡುವೆ ನುಸುಳಿ ಆಚೆ ಬರುತ್ತಿತ್ತು. ಪ್ರತಿ ಸಲ ಮೇಲೊಂದು ಬೆಣೆಯನ್ನು ತುಸುವೇ ಬಡಿದು ಮೇಲಿನ ಸಲಾಕೆಯನ್ನು ಇಳಿಸಬೇಕು. ಅವಸರದಿಂದ ಇಳಿಸಿದರೆ ಕಡ್ಡಿ ಸಿಕ್ಕಿ ನಿಲ್ಲುತ್ತದೆ. ಸಾಕೆಂದು ಬಿಟ್ಟರೆ, ಹೊರಬಂದ ಕಡ್ಡಿ ತಾನಾಗಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಬೇಕಾದುದಕ್ಕಿಂತ ಒಂದು ಕೂದಲೆಳೆ ಹೆಚ್ಚು ಬಾಗಿಸಬೇಕು. ಇದೆಲ್ಲ ಅವನಿಗೆ ಕೆಡಿಸಿ ಕೆಡಿಸಿಯೇ ತಿಳಿಯಿತು. ಬಡಿಯಲು ಹುಟ್ಟಿದ ಕೈ ಸಾವಕಾಶವನ್ನು ಕಲಿಯುವುದು ನೋಡಲು ಚೆಂದವಿತ್ತೆಂದು ಗಾಳೆವ್ವ ಆಮೇಲೆ ಹೇಳುತ್ತಿದ್ದಳಂತೆ. ಅವನೆದುರು ಹೇಳಲಿಲ್ಲ.

ಮೊದಲು ಒಂದೇ ಒಂದು ಪಡದಾ ಮಾಡಿ ಲಾಡಸಾಬನಿಗೆ ಕೊಟ್ಟ. “ಇದರ ಮ್ಯಾಲಷ್ಟ ಎಳದ ನೋಡ್ರಿ. ದಿನಾ ಎಳೀರಿ.” ಲಾಡಸಾಬ ಒಂದು ವಾರ ಎಳೆದ. ಗೀರು ಬೀಳಲಿಲ್ಲ.

ಉಳಿದವು ಮುಗಿದ ದಿನ ಒಯ್ಯಲು ಬಾನುಬಿ ಬಂದಳು. ಸಂತೆಯ ದಿನ. ಕುಲುಮೆಯಲ್ಲಿ ಕುಡಗೋಲಿಗೆ ಹಲ್ಲು ಹಾಕಿಸಲು ಬಂದ ಒಕ್ಕಲಿಗರು ತುಂಬಿದ್ದರು. ತೋಟಪ್ಪನೂ ಇದ್ದ. ಅವಳು ಪಡದಾಗಳನ್ನು ಮುಟ್ಟಲಿಲ್ಲ. ದೂರ ನಿಂತೇ ಕೇಳಿದಳು:

“ಇವನ್ನ ಎದರಲೆ ಒರಸ್ಬೇಕ್ರಿ ಅಣ್ಣಾರ? ಬರೇ ಅರಿವೀಲೆ ಒರಸ್ಲೇನು? ಒಮ್ಮೆ ಬಾವಿಗೆ ಹಾಕಿದೆ, ಒಮ್ಮೆ ಹುಣಸಿಹಣ್ಣ ಹಚ್ಚಿ ಕೆಡಿಸಿದೆ. ಇನ್ನೊಮ್ಮೆ ಕೆಡಿಸಿದ್ರ ಅವರ ಮುಖ ನೋಡೂದ ನನ್ನ ಕಡಿಂದ ಆಗೂದಿಲ್ಲ.”

“ನೀ ಮುಟ್ಟಬ್ಯಾಡ ಬಿಡು ಯವ್ವಾ” ಎಂದ ತೋಟಪ್ಪ. “ಹುಳಿ ಹಿತ್ತಾಳಿ ತಿಂತೈತಿ. ಎಲ್ಲಾರಿಗೂ ಗೊತ್ತಿದ್ದದ್ದ.”

ಉಳಿದವರು ತಲೆಯಾಡಿಸಿದರು. ಬಾನುಬಿಯೂ ತಲೆಯಾಡಿಸಿದಳು. ವಿಷಯ ಅಲ್ಲಿಗೆ ಮುಗಿಯಬಹುದಿತ್ತು.

ಗ್ಯಾನಪ್ಪ ಮೂಲೆಯಿಂದ ಹಿತ್ತಾಳೆಯ ಒಂದು ತುಂಡು ಎತ್ತಿ ಅವಳ ಮುಂದಿಟ್ಟ. “ಬಗ್ಗಸ್ರಿ.”

ಅವಳು ಹೆದರಿ ತೆಗೆದುಕೊಂಡಳು, ಒತ್ತಿದಳು. “ಬಗ್ಗವಲ್ತು.”

ಅವನು ಅದನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ಇಟ್ಟ. ತಿದಿ ಒತ್ತಿದ. ಕೆಂಪಗಾದ ಮೇಲೆ ನೀರಿಗೆ ಅದ್ದಿ, ಒರಸಿ, ಮತ್ತೆ ಅವಳ ಮುಂದಿಟ್ಟ.

“ಈಗ ಬಗ್ಗಸ್ರಿ.”

ಹಿತ್ತಾಳೆ ಅವಳ ಮುದಿ ಬೆರಳುಗಳ ನಡುವೆ ಎರಡಾಗಿ ಮಡಚಿಕೊಂಡಿತು. ಅವಳು ಅದನ್ನು ನೋಡಿದಳು. ಒಲೆಯನ್ನು ನೋಡಿದಳು. ತೋಟಪ್ಪ ಗ್ಯಾನಪ್ಪನನ್ನು ನೋಡಿದ.

ಗ್ಯಾನಪ್ಪ ಹೊಸ ಪಡದಾಗಳನ್ನು ಅರಿವೆಯ ಮೇಲೆ ಸಾಲಾಗಿಟ್ಟ. ಗಂಟು ಕಟ್ಟಲು ಹೋದವನು ನಿಲ್ಲಿಸಿ, ಚಪ್ಪರದ ಕಡೆ ತಿರುಗಿ ಹೆಂಡತಿಯನ್ನು ಕರೆದ. ಗಾಳೆವ್ವ ತಂದುಕೊಟ್ಟ ಒಂದು ಹಿಡಿ ಹುಣಸೆಹಣ್ಣನ್ನು ಪಡದಾಗಳ ಮೇಲೇ ಇಟ್ಟು, ಎಲ್ಲರೂ ನೋಡುತ್ತಿರುವಾಗ ಗಂಟು ಬಿಗಿದು ಬಾನುಬಿಗೆ ಕೊಟ್ಟ.