ಓಡುವಾಗ ಉತ್ತರ ಕೊಡಬಾರದು

ನಮ್ಮ ವಂಶದಲ್ಲಿ ಓಡಿದವರು ಯಾರೂ ಇಲ್ಲ. ಮೂರು ತಲೆಮಾರಿನಿಂದ ಬೈಲಹೊಂಗಲದ ಪೇಟೆಯಲ್ಲಿ ಗಾದಿಯ ಮೇಲೆ ಕುಳಿತು ಬಟ್ಟೆ ಅಳೆದುಕೊಟ್ಟವರು ನಾವು. ಕಣ್ಣೆದುರೇ ಬಸ್ಸು ಹೊರಟರೂ ಬೆನ್ನು ಹತ್ತುವುದಿಲ್ಲ, ಮುಂದಿನ ಬಸ್ಸಿಗೆ ಹೋಗುತ್ತೇವೆ. ಇಂಥ ಮನೆಗೆ, ಒಂಬತ್ತನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಒಂದು ಸಂಜೆ ಬಂದು, ತನ್ನನ್ನು ಶಾಲೆಯ ಗುಡ್ಡಗಾಡು ಓಟದ ತಂಡಕ್ಕೆ ಆರಿಸಿದ್ದಾರೆಂದು ಪ್ರಕಟಿಸಿದಳು.

ಮೊದಲು ಬಾಯಿ ತೆರೆದವಳು ನನ್ನ ತಾಯಿ. “ನಮ್ಮೂರಾಗ ಗುಡ್ಡ ಎಲ್ಲೈತಿ?” ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಊರ ಸುತ್ತ ಕಣ್ಣು ಹಾಯುವವರೆಗೂ ಚಪ್ಪಟೆಯಾದ ಎರೆಭೂಮಿ. ಮಗಳು ವಿವರಿಸಿದಳು: ಹೊಲ, ಹಳ್ಳ, ಬಂಡಿದಾರಿ ಹಿಡಿದು ದೂರದವರೆಗೆ ಓಡುವುದಕ್ಕೆ ಸರಕಾರ ಇಟ್ಟ ಹೆಸರು ಅದು. ಗುಡ್ಡ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸರಕಾರದ ಅಭ್ಯಂತರವೇನೂ ಇಲ್ಲ. ಆಯ್ಕೆಯ ಹಿಂದಿನ ರಹಸ್ಯವೂ ಬೇಗನೆ ಬಯಲಾಯಿತು. ತಂಡಕ್ಕೆ ಆರು ಹುಡುಗಿಯರು ಬೇಕಾಗಿದ್ದರು, ಓಡಬಲ್ಲವರು ಐದೇ ಜನ ಇದ್ದರು.

ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆರು ಜನ ಓಡಬೇಕು. ಅವರಲ್ಲಿ ಮೊದಲು ಗೆರೆ ಮುಟ್ಟಿದ ನಾಲ್ವರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಾಲ್ವರು ಮುಟ್ಟದಿದ್ದರೆ ಆ ಶಾಲೆ ಓಡಿಯೇ ಇಲ್ಲ. ಆ ವರ್ಷ ಅಕ್ಕಪಕ್ಕದ ತಾಲೂಕಿನ ಶಾಲೆಗಳಿಗೆ ಮೂರು ಓಟಗಳಿದ್ದವು. ಒಂದು ಕಿತ್ತೂರಿನ ಹತ್ತಿರ, ಒಂದು ರಾಮದುರ್ಗ ತಾಲೂಕಿನ ಕಟಕೋಳದಲ್ಲಿ, ಕೊನೆಯದು ಸವದತ್ತಿಯ ಆಚೆ ಉಗರಗೋಳದಲ್ಲಿ.

ಕಿತ್ತೂರಿನ ಓಟದ ದಿನ ನಾನು ಅಂಗಡಿಯಲ್ಲಿದ್ದೆ. ಅಲ್ಲಿ ಒಬ್ಬ ಹುಡುಗಿಗೆ ಹೊಟ್ಟೆ ಹಿಡಿಯಿತು, ಇನ್ನೊಬ್ಬಳ ಕಾಲು ಉಳುಕಿತು. ಉಳಿದವರು ನಾಲ್ವರು. ಮೂವರು ಮುಟ್ಟಿದರು. ನಾಲ್ಕನೆಯವಳು ನನ್ನ ಮಗಳು. ಅವಳು ಬಂದು ಸೇರುವ ಹೊತ್ತಿಗೆ ಸುಣ್ಣದ ಗೆರೆ ತುಳಿದಾಟಕ್ಕೆ ಅಳಿಸಿಹೋಗಿತ್ತು, ಬರೆದುಕೊಳ್ಳುವವರು ಮೇಜು ಎತ್ತಿಟ್ಟಿದ್ದರು. ಅವಳ ಕೈಯಲ್ಲಿ ಒಂದು ಸೌತೆಕಾಯಿ ಇತ್ತು.

ನಡೆದದ್ದು ಇಷ್ಟು. ಸೋಯಾ ಹೊಲದ ಬದುವಿನ ಮೇಲೆ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಅವಳನ್ನು ಕಂಡು, “ಯಾರ ಮಗಳ ನೀ, ತಂಗಿ?” ಎಂದು ಕೇಳಿದ್ದಾಳೆ. ಮಗಳು ನಿಂತಿದ್ದಾಳೆ. ನಿಂತು ಊರು, ಓಣಿ, ಮನೆತನ, ನನ್ನ ಹೆಸರು, ಅಜ್ಜನ ಹೆಸರು ಹೇಳಿದ್ದಾಳೆ. ಮುದುಕಿಗೆ ನನ್ನ ಹೆಂಡತಿಯ ತವರಿನವರ ಪರಿಚಯ ಹತ್ತಿದೆ. ಅವರೆಲ್ಲರ ಆರೋಗ್ಯ ವಿಚಾರಣೆ ಮುಗಿಯುವವರೆಗೆ ಹೊರಡುವುದು ಮರ್ಯಾದೆಯಲ್ಲ ಎಂದು ಮಗಳಿಗೆ ಅನ್ನಿಸಿದೆ. ಸೌತೆಕಾಯಿ ಬೀಳ್ಕೊಡುಗೆ.

ಇದರ ಅಪರಾಧಿ ನಾನು. ಹಾದಿಯಲ್ಲಿ ಹಿರಿಯರು ಯಾರ ಮಗಳೆಂದು ಕೇಳಿದರೆ ಅದು ತನಿಖೆಯಲ್ಲ, ನಮ್ಮ ಕಡೆಯ ನಮಸ್ಕಾರ; ನಿಂತು ಪೂರ್ತಿ ಉತ್ತರ ಕೊಡಬೇಕು ಎಂದು ಅವಳು ಅಂಗನವಾಡಿಗೆ ಹೋಗುವಾಗಿನಿಂದ ಕಲಿಸಿದವನು ನಾನೇ. ಓಡುತ್ತಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ನಮ್ಮ ಮನೆತನದಲ್ಲಿ ಆ ಪ್ರಸಂಗವೇ ಬಂದಿರಲಿಲ್ಲ.

ಮೂರನೆಯ ದಿನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ ಅವಳು ಹೇಳಿದಳು: “ಐದೂ ಮಂದಿ ನನ್ನ ಕೂಡ ಟೂ ಬಿಟ್ಟಾರ.”

ನಾನು ನಕ್ಕೆ. ಅವಳು ನಗಲಿಲ್ಲ. ಶಾಲೆಯಲ್ಲಿ ಡಬ್ಬಿ ಬಿಚ್ಚುವಾಗ ಅವಳು ಒಬ್ಬಳೇ ಕೂಡುತ್ತಿದ್ದಳು ಎಂಬುದು ಆಮೇಲೆ ನನ್ನ ಹೆಂಡತಿಯಿಂದ ತಿಳಿಯಿತು. ಐವರಲ್ಲಿ ಹೆಚ್ಚು ಸಿಟ್ಟಾಗಿದ್ದವಳು ಎಲ್ಲರಿಗಿಂತ ಎತ್ತರದ ಹುಡುಗಿಯಂತೆ. ಅವಳೂ ನನ್ನ ಮಗಳೂ ಒಂದನೆಯ ಇಯತ್ತೆಯಿಂದ ಒಂದೇ ಬೆಂಚಿನವರು. ಈಗ ಅವಳು ಬೆಂಚನ್ನೇ ಬದಲಿಸಿದ್ದಳು. ತಂಡ ಗೆಲ್ಲುವುದು ಬಿಡುವುದು ಸರಕಾರದ ವಿಷಯ. ಆದರೆ ಆ ಹುಡುಗಿ ಮತ್ತೆ ಮಾತಾಡದಿದ್ದರೆ ವರ್ಷ ಹೇಗೆ ಕಳೆಯುತ್ತದೆ ಎಂದು ನನಗೂ ಚಿಂತೆ ಹತ್ತಿತು.

ಮರುದಿನ ನಾನು ಮನೆಯ ಕಾಯಿದೆಗೆ ತಿದ್ದುಪಡಿ ತಂದೆ. ಓಡುವಾಗ ಹಿರಿಯರು ಏನೇ ಕೇಳಲಿ, ಉತ್ತರ ಕೊಡಬಾರದು. ನನ್ನ ತಾಯಿ ಇದನ್ನು ವಿರೋಧಿಸಿದಳು, ಮಂದಿ ಹುಡುಗಿಗೆ ಸೊಕ್ಕು ಅನ್ನುತ್ತಾರೆ ಎಂದಳು. ವಿರೋಧ ದಾಖಲಾಯಿತು, ತಿದ್ದುಪಡಿ ಅಂಗೀಕಾರವಾಯಿತು.

ಕಾಯಿದೆ ಮಾಡುವುದು ಸುಲಭ, ಕಾಲಿಗೆ ಅದು ತಿಳಿಯಬೇಕಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಅವಳು ಊರ ಹೊರಗೆ ಓಡುವ ಬಂಡಿದಾರಿಯ ಪಕ್ಕ ನಾನು ಕೊಡೆ ಹಿಡಿದು ಒಂದು ಕಲ್ಲಿನ ಮೇಲೆ ಕೂಡತೊಡಗಿದೆ. ಅವಳು ಹತ್ತಿರ ಬಂದಾಗ, ಅಪರಿಚಿತನ ದನಿಯಲ್ಲಿ, ಯಾರ ಮಗಳು ನೀನು ಎಂದು ಕೇಳಬೇಕು. ಅವಳು ನಿಲ್ಲದೆ ಹೋಗಬೇಕು. ಮೊದಲ ದಿನ ಅವಳು ನಿಂತು, “ನಿಮ್ಮ ಮಗಳ್ರೀ,” ಎಂದಳು. ಎರಡನೆಯ ದಿನ ನಿಲ್ಲಲಿಲ್ಲ, ಆದರೆ ಹಿಂದಿರುಗಿ ನೋಡಿ ಕೆಸರಿನಲ್ಲಿ ಬಿದ್ದಳು. ಶ್ರಾವಣದ ಮಳೆ ಬಿದ್ದ ಎರೆಮಣ್ಣು, ಒಂದೊಂದು ಬೂಟಿಗೂ ಸೇರು ಸೇರು ಅಂಟುತ್ತಿತ್ತು. ಎರಡು ವಾರದಲ್ಲಿ ಅವಳು ನನ್ನನ್ನು ಎಮ್ಮೆಯನ್ನು ದಾಟುವಷ್ಟು ನಿರ್ಲಕ್ಷ್ಯದಿಂದ ದಾಟಿ ಹೋಗಲು ಕಲಿತಳು. ತಂದೆಯೊಬ್ಬ ಇಷ್ಟು ಶ್ರಮಪಟ್ಟು ಮಗಳಿಂದ ಅಗೌರವ ಸಂಪಾದಿಸಿದ್ದು ನಮ್ಮ ತಾಲೂಕಿನಲ್ಲಿ ಅದೇ ಮೊದಲಿರಬೇಕು.

ಕಟಕೋಳದಲ್ಲಿ ಅವಳು ನಿಲ್ಲಲಿಲ್ಲ. ಒಬ್ಬ ಹಿರಿಯರು ಕೇಳಿದರಂತೆ, ಇವಳು ಬಾಯಿ ಬಿಗಿದು ಹೋದಳಂತೆ, ಅವರು ಇಡೀ ಹೊಲಕ್ಕೆ ಕೇಳುವಂತೆ ಈಗಿನ ಹುಡುಗಿಯರ ಬಗ್ಗೆ ಅಭಿಪ್ರಾಯ ಹೇಳಿದರಂತೆ. ತಂಡ ಈ ಸಲ ಲೆಕ್ಕಕ್ಕೆ ಬಂತು, ಏಳರಲ್ಲಿ ಆರನೆಯದಾಗಿ. ಆದರೂ ಐವರು ಮಾತಾಡಲಿಲ್ಲ. ನೀರಿನ ಬಾಟಲಿಯನ್ನು ಸಹ ಡ್ರಿಲ್ ಮಾಸ್ತರರ ಮೂಲಕ ದಾಟಿಸಿದರು.

ಉಗರಗೋಳಕ್ಕೆ ನಾನೇ ಹೋದೆ. ಅಂಗಡಿಯ ಬಾಗಿಲು ಹಾಕಿ ಶಾಲೆಯ ಬಾಡಿಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತೆ. ಅಲ್ಲಿ ಎಲ್ಲಮ್ಮನ ಗುಡ್ಡ ಎದುರಿಗೇ ಇದ್ದುದರಿಂದ ಓಟದ ಹೆಸರಿಗೂ ಕೊನೆಗೊಮ್ಮೆ ನ್ಯಾಯ ಸಿಕ್ಕಿತು. ಓಟದ ಹಾದಿ ಗೋವಿನಜೋಳದ ಹೊಲಗಳ ನಡುವೆ ಹಾಯ್ದಿತ್ತು. ಅರ್ಧ ದಾರಿಯ ಹತ್ತಿರ ಒಂದು ಬದುವಿನ ಮೇಲೆ ಕೊಡೆ ಬಿಚ್ಚಿ ಕುಳಿತೆ.

ನಮ್ಮ ಶಾಲೆಯ ಹಳದಿ ಅಂಗಿಯವರು ಮೂವರು ಹೋದರು. ಆಮೇಲೆ ಬೆಂಚು ಬದಲಿಸಿದ್ದ ಆ ಎತ್ತರದ ಹುಡುಗಿ ಬಂದಳು, ಮುಖ ಕೆಂಪಾಗಿತ್ತು. ಅವಳ ಹಿಂದೆ, ಸ್ವಲ್ಪವೇ ದೂರದಲ್ಲಿ, ನನ್ನ ಮಗಳು. ಎತ್ತರದ ಹುಡುಗಿ ಎದುರಿಗೆ ಬರುತ್ತಿದ್ದಂತೆ, ಒಂದು ತಿಂಗಳ ಅಭ್ಯಾಸಬಲದಿಂದ, ನನ್ನ ಬಾಯಿ ನನ್ನನ್ನು ಕೇಳದೆ ತಾನೇ ಕೇಳಿತು:

“ಯಾರ ಮಗಳ ನೀ, ತಂಗಿ?”

ಹುಡುಗಿ ನನ್ನನ್ನು ಬಲ್ಲವಳೇ, ಆದರೂ ಹಿರಿಯರು ಕೇಳಿದರೆಂದು ನಿಂತಳು. ಏದುಸಿರು ಬಿಡುತ್ತ, ಕೈ ಕಟ್ಟಿಕೊಂಡು, “ಪ್ಯಾಟ್ಯಾಗ ಹಿಟ್ಟಿನ ಗಿರಣಿ ಐತೆಲ್ರೀ, ಅವ್ರ ಮಗಳ್ರೀ,” ಎಂದಳು. ಅಷ್ಟಕ್ಕೆ ಸುಮ್ಮನಿರಬೇಕಾದ ನಾನು, ಗಾಬರಿಯಲ್ಲಿ, ಅಪ್ಪ ಆರಾಮ ಇದ್ದಾರೇನು ಎಂದು ವಿಚಾರಿಸಿದೆ. ಆರಾಮ ಅದಾರ್ರೀ ಎಂದು ಅದಕ್ಕೂ ಉತ್ತರ ಬಂತು. ಇನ್ನೆರಡು ಶಾಲೆಯ ಹುಡುಗಿಯರು ದಾಟಿ ಹೋದರು.

ಅಷ್ಟರಲ್ಲಿ ನನ್ನ ಮಗಳು ಬಂದಳು. ನನ್ನ ಕಡೆ ನೋಡಲಿಲ್ಲ. ಗೆಳತಿಯ ರಟ್ಟೆ ಹಿಡಿದು ಎಳೆದಳು. “ನಿಲ್ಲಬ್ಯಾಡ ಓಡಲೇ. ಅಂವ ನಮ್ಮಪ್ಪ, ಅಂವಗ ಉತ್ರಾ ಕೊಡಬ್ಯಾಡ.”

ಎತ್ತರದ ಹುಡುಗಿ ಒಮ್ಮೆ ನನ್ನನ್ನೂ ಒಮ್ಮೆ ಅವಳನ್ನೂ ನೋಡಿದಳು. ಆಮೇಲೆ ಇಬ್ಬರೂ ಓಡಿದರು. ಜೋಳದ ತಿರುವಿನಲ್ಲಿ ಮರೆಯಾಗುವ ಮುಂಚೆ ಆ ಹುಡುಗಿಯ ದನಿ ಕೇಳಿಸಿತು: “ನಿಮ್ಮಪ್ಪಗ ತಲಿ ನೆಟ್ಟಗ ಐತೇನಲೇ?” ಐದು ವಾರದಲ್ಲಿ ಅವಳು ನನ್ನ ಮಗಳಿಗೆ ಆಡಿದ ಮೊದಲ ಮಾತು ಅದು. ಇಲ್ಲ ಎಂದು ಮಗಳು ನಗುತ್ತ ಹೇಳಿದ್ದೂ ಕೇಳಿಸಿತು. ನಾನು ಕೊಡೆ ಮಡಿಚಿ ಬದುವಿನಿಂದ ಇಳಿದೆ.

ತಂಡ ಐದನೆಯದಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕನೆಯದಾಗುತ್ತಿತ್ತು ಎಂದು ಡ್ರಿಲ್ ಮಾಸ್ತರರು ಬಹಳ ಗೌರವದಿಂದ ನನಗೆ ತಿಳಿಸಿದರು. ಮರಳಿ ಬರುವಾಗ ಆರೂ ಹುಡುಗಿಯರು ಬಸ್ಸಿನ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕುಳಿತು, ಒಬ್ಬಳು ನನ್ನ ಹಾಗೆ ಕೊಡೆ ಹಿಡಿದು ಕೇಳುವುದು, ಇನ್ನೊಬ್ಬಳು ಕೈ ಕಟ್ಟಿ ಉತ್ತರಿಸುವುದು, ಹೀಗೆ ಸವದತ್ತಿಯಿಂದ ಬೈಲಹೊಂಗಲದವರೆಗೂ ನನ್ನ ಮಾನ ಹರಾಜಿಗೆ ಹಾಕಿದರು. ಎಲ್ಲರಿಗಿಂತ ಚೆನ್ನಾಗಿ ನನ್ನನ್ನು ಅಣಕಿಸಿದವಳು ನನ್ನ ಮಗಳು. ನಾನು ಹಿಂದಿರುಗಿ ನೋಡಲಿಲ್ಲ, ನೋಡಿದರೆ ನಿಲ್ಲಿಸಿಬಿಡುತ್ತಾರೆಂದು.

ಇಳಿಯುವಾಗ ಗಿರಣಿಯವರ ಮಗಳು ನನ್ನ ಸೀಟಿನ ಹತ್ತಿರ ನಿಂತಳು. “ಕಾಕಾ, ಮುಂದಿನ ವರ್ಷ ನೀವು ಅಂಗಡ್ಯಾಗ ಇರ್ರಿ,” ಎಂದಳು.

ಆಗಲಿ ತಂಗಿ ಎಂದೆ. ಅವಳು ನನ್ನ ಮಗಳ ಬೂಟುಗಳನ್ನೂ ತಾನೇ ಎತ್ತಿಕೊಂಡು ಇಳಿದುಹೋದಳು.